ಒಂದು ಸೊನ್ನೆ ಬಿಟ್ಟುಹೋದ್ರೆ ಏನಾಗುತ್ತೆ?

ಹ್ಯಾಶ್ ಲೆಕ್ಕ ಹಾಕೋದು ಕಷ್ಟ, ಅದನ್ನ ಹೆಕ್ಸ್‌ನಲ್ಲಿ ಪ್ರಿಂಟ್ ಮಾಡೋದು ಏನ್ ಮಹಾ? ಸಿ ಲ್ಯಾಬ್‌ನಲ್ಲಿ ಈ ಮಾತು ಕೇಳದವರು ಕಡಿಮೆ. ಇಂಟರ್ನಲ್ಸ್‌ಗೆ ಶಾ-256ರ 64 ಸುತ್ತುಗಳನ್ನು ಬಾಯಿಪಾಠ ಮಾಡ್ತೀವಿ. ಕೊನೆಯ ನಾಲ್ಕು ಸಾಲಿನ ಹೆಕ್ಸ್ ಲೂಪ್ ಮಾತ್ರ ಸೀನಿಯರ್‌ಗಳ ರೆಕಾರ್ಡ್‌ನಿಂದ ಹಾಗೇ ಇಳಿದು ಬರುತ್ತೆ. ನಮ್ಮ ಅಭಿಪ್ರಾಯ ಇಷ್ಟೇ: ಆ ನಾಲ್ಕು ಸಾಲನ್ನೂ ಟೆಸ್ಟ್ ಮಾಡಬೇಕು. ಅದಕ್ಕೆ ಬೇಕಾದ ಒಂದು ಒಳ್ಳೆ ಇನ್‌ಪುಟ್ ನಮ್ಮ ಭಾಷೆಯಲ್ಲೇ ಇದೆ.

ಇಷ್ಟು ಚಿಕ್ಕ ವಿಷಯಕ್ಕೆ ಯಾಕಿಷ್ಟು ಗಲಾಟೆ ಅಂತೀರಾ? ಹ್ಯಾಶ್ ಈಗ ಲ್ಯಾಬ್ ದಾಟಿ ಕೋರ್ಟಿಗೆ ಹೋಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಜೊತೆಗೊಂದು ಪ್ರಮಾಣಪತ್ರ ಇರಬೇಕು. ಆ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಮೌಲ್ಯ ಬರೆಯೋಕೆ ಜಾಗ ಇದೆ. ಯಾವ ಅಲ್ಗಾರಿದಮ್ ಅಂತ ಹೇಳೋಕೆ ಶಾ1, ಶಾ256, ಎಂಡಿ5, ಇತರೆ ಅನ್ನೋ ಆಯ್ಕೆಗಳೂ ಇವೆ.

ನಮ್ಮ ಮೈಸೂರು ಜಿಲ್ಲೆಯದೇ ಉದಾಹರಣೆ ತಗೊಳ್ಳೋಣ. ಎಚ್.ಡಿ. ಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡು ಇವತ್ತು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲೇ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ, ಹುಲಿಗಳ ಸಂಖ್ಯೆ ಅಂದಾಜು ಮಾಡಿದರು. ಹುಲಿಗೆ ಪಟ್ಟೆ ಹೇಗೋ ಫೈಲಿಗೆ ಹ್ಯಾಶ್ ಹಾಗೆ. ಈಗ ಅಂಥ ಒಂದು ಕ್ಯಾಮೆರಾದಲ್ಲಿ ಹುಲಿಯ ಬದಲು ಕೋವಿ ಹಿಡಿದವನೊಬ್ಬನ ಫೋಟೊ ಬಂತು ಅಂದುಕೊಳ್ಳಿ. ಫೈಲಿನ ಹ್ಯಾಶ್ ತೆಗೆದು ಪ್ರಮಾಣಪತ್ರದಲ್ಲಿ ಬರೆದಾಯ್ತು. ಎರಡು ವರ್ಷ ಬಿಟ್ಟು ಇನ್ನೊಬ್ಬರು ಬೇರೆ ಪ್ರೋಗ್ರಾಂನಲ್ಲಿ ಅದೇ ಫೈಲಿನ ಹ್ಯಾಶ್ ತೆಗೆದರೆ 64 ಅಕ್ಷರ ಬರುತ್ತೆ, ಕಾಗದದಲ್ಲಿ ಇರೋದು 62! ಫೋಟೊದ ಒಂದು ಬಿಟ್ಟೂ ಬದಲಾಗಿಲ್ಲ. ಆದ್ರೂ ಎದುರು ಪಕ್ಷದ ವಕೀಲರು ಸುಮ್ನೆ ಬಿಡ್ತಾರಾ?

ಆ ಎರಡು ಅಕ್ಷರ ಎಲ್ಲಿ ಹೋದವು? ಶಾ-256 ಕೊಡೋದು 32 ಬೈಟ್. ಒಂದೊಂದು ಬೈಟಿಗೂ ಎರಡು ಹೆಕ್ಸ್ ಅಂಕಿ. ಪ್ರಿಂಟ್‌ಎಫ್‌ನಲ್ಲಿ '%02ಎಕ್ಸ್' ಬದಲು ಬರೀ '%ಎಕ್ಸ್' ಅಂತ ಬರೆದರೆ, 16ಕ್ಕಿಂತ ಚಿಕ್ಕ ಬೈಟುಗಳ ಮುಂದಿನ ಸೊನ್ನೆ ಬಿದ್ದುಹೋಗುತ್ತೆ. ಇದು ಅಪರೂಪಕ್ಕೆ ಆಗೋದಲ್ಲ. 32 ಬೈಟುಗಳಲ್ಲಿ ಒಂದಾದರೂ 16ಕ್ಕಿಂತ ಚಿಕ್ಕದಾಗಿರೋ ಸಾಧ್ಯತೆ ಸುಮಾರು 87%. ಬಿದ್ದ ಸೊನ್ನೆ ಎಲ್ಲಿತ್ತು ಅಂತ ಆಮೇಲೆ ಪತ್ತೆ ಮಾಡೋಕೂ ಆಗಲ್ಲ. 01 11 ಮತ್ತು 11 01 ಎರಡೂ '111' ಅಂತಲೇ ಪ್ರಿಂಟ್ ಆಗುತ್ತವೆ.

ಹಾಗಾದ್ರೆ ಟೆಸ್ಟ್‌ನಲ್ಲಿ ಸಿಕ್ಕಿಬೀಳಬೇಕಿತ್ತಲ್ಲ? ಯಾವುದರಿಂದ ಟೆಸ್ಟ್ ಮಾಡ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಎಲ್ಲರೂ ಮೊದಲು ಕೊಡೋದು ಖಾಲಿ ಸ್ಟ್ರಿಂಗ್. ಅದರ ಶಾ-256 ಹ್ಯಾಶ್‌ನಲ್ಲಿ 16ಕ್ಕಿಂತ ಚಿಕ್ಕ ಬೈಟ್ ಒಂದೂ ಇಲ್ಲ, ಹಾಗಾಗಿ ತಪ್ಪು ಕೋಡ್ ಕೂಡ ಪಾಸ್! ಅದೇ ಸಣ್ಣಕ್ಷರದ 'ಎಬಿಸಿ' ಕೊಟ್ಟು ನೋಡಿ. ಹ್ಯಾಶ್‌ನಲ್ಲಿ 01, 03, 00 ಮೂರೂ ಬರುತ್ತವೆ. ತಪ್ಪು ಕೋಡ್ 61 ಅಕ್ಷರಕ್ಕೇ ನಿಲ್ಲುತ್ತೆ. ಆ 00 ಇನ್ನೊಂದು ತಪ್ಪನ್ನೂ ಹಿಡಿಯುತ್ತೆ. ಅದು 30ನೇ ಬೈಟ್. ಹ್ಯಾಶ್‌ನ ಉದ್ದ ತಿಳಿಯೋಕೆ ಯಾರಾದ್ರೂ ಸ್ಟ್ರಲೆನ್ ಬಳಸಿದ್ರೆ 29 ಅಂತ ಹೇಳಿ ಕೈತೊಳ್ಕೊಳ್ಳುತ್ತೆ. ಬೈನರಿ ಹ್ಯಾಶ್ ಸಿ ಸ್ಟ್ರಿಂಗ್ ಅಲ್ಲ, ಅದರೊಳಗೆ ಸೊನ್ನೆ ಎಲ್ಲಿ ಬೇಕಾದ್ರೂ ಬರಬಹುದು.

ಇದನ್ನ ಮರೆತರೆ ಎಷ್ಟು ದುಬಾರಿ ಅನ್ನೋದಕ್ಕೆ ನಿಂಟೆಂಡೊ ವೀ ಗೇಮ್ ಕನ್ಸೋಲ್ ಸಾಕ್ಷಿ. ಸಹಿ ಪರಿಶೀಲಿಸುವಾಗ ಅದರ ಸಾಫ್ಟ್‌ವೇರ್ ಎರಡು ಬೈನರಿ ಹ್ಯಾಶ್‌ಗಳನ್ನು ಮೆಮ್‌ಕಂಪ್ ಬದಲು ಸ್ಟ್ರಿಂಗ್ ಹೋಲಿಸುವ ಫಂಕ್ಷನ್‌ನಿಂದ ಹೋಲಿಸುತ್ತಿತ್ತು. ಎರಡೂ 00 ಇಂದ ಶುರುವಾದ್ರೆ ಹೋಲಿಕೆ ಅಲ್ಲಿಗೇ ಮುಗೀತು, 'ಎರಡೂ ಒಂದೇ' ಅನ್ನೋ ಉತ್ತರ. ಫೈಲಿನ ಲೆಕ್ಕಕ್ಕೆ ಬಾರದ ಭಾಗ ಬದಲಿಸ್ತಾ ಹೋದ್ರೆ ಸರಾಸರಿ 256 ಪ್ರಯತ್ನಕ್ಕೊಮ್ಮೆ ಅಂಥ ಹ್ಯಾಶ್ ಸಿಗುತ್ತೆ. ನಕಲಿ ಸಹಿ ಹೀಗೆ ಅಸಲಿ ಅನ್ನಿಸ್ಕೊಳ್ತು.

ಇನ್ನು ನಮ್ಮ ಭಾಷೆಯ ವಿಷಯ. ಹೆಕ್ಸ್ ಮಾಡೋ ಅದೇ ಫಂಕ್ಷನ್‌ಗೆ 'ಕಾಕನಕೋಟೆ' ಅನ್ನೋ ಪದ ಕೊಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ ಮೂರು ಬೈಟ್. ಈ ಪದದಲ್ಲಿ ಎಂಟು ಕೋಡ್‌ಪಾಯಿಂಟ್, ಒಟ್ಟು 24 ಬೈಟ್. ಅಂದ್ರೆ 48 ಹೆಕ್ಸ್ ಅಕ್ಷರ ಬರಬೇಕು. ಬೈಟುಗಳನ್ನು 'ಅನ್‌ಸೈನ್ಡ್ ಚಾರ್' ಬದಲು ಬರೀ 'ಚಾರ್'ನಲ್ಲಿ ಇಟ್ಟಿದ್ರೆ ನಮ್ಮ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ 192 ಬರುತ್ತೆ. ಕನ್ನಡದ ಬೈಟುಗಳೆಲ್ಲ 128 ಅಥವಾ ಅದಕ್ಕಿಂತ ಹೆಚ್ಚು. ಸೈನ್ಡ್ ಚಾರ್‌ನಲ್ಲಿ ಅವು ಋಣ ಸಂಖ್ಯೆಗಳಾಗಿ, ಒಂದೊಂದರ ಮುಂದೂ ಆರಾರು 'ಎಫ್' ಸಾಲುಗಟ್ಟುತ್ತವೆ. 49 ಬೈಟಿನ ಬಫರ್‌ಗೆ ಅದನ್ನ ಬರೆದ್ರೆ ಮುಂದಿನ ಕಥೆ ನಿಮಗೇ ಗೊತ್ತು. ಬರೀ ಇಂಗ್ಲಿಷ್ ಅಕ್ಷರ ಕೊಟ್ಟು ನೋಡಿದವರಿಗೆ ಈ ತಪ್ಪು ಕಾಣಿಸೋದೇ ಇಲ್ಲ. ಕನ್ನಡ ಮೊದಲ ಬೈಟಿಗೇ ಹಿಡಿದುಕೊಡುತ್ತೆ. ರಾಸ್ಪ್‌ಬೆರಿ ಪೈ ಮೇಲಿನ ಲಿನಕ್ಸ್‌ನಲ್ಲಿ 'ಚಾರ್' ಸಾಮಾನ್ಯವಾಗಿ ಅನ್‌ಸೈನ್ಡ್, ಅಲ್ಲಿ ಅದೇ ಕೋಡ್ ಸರಿಯಾಗೇ ಓಡುತ್ತೆ. 'ನನ್ನ ಬೋರ್ಡ್‌ನಲ್ಲಿ ಬಂತಲ್ಲ' ಅನ್ನೋ ಜಗಳದ ಮೂಲ ಎಷ್ಟೋ ಸಲ ಇದೇ.

'ಲೈಬ್ರರಿ ಇದೆಯಲ್ಲ ಗುರು' ಅಂತ ಕೆಲವರು ಹೇಳ್ತಾರೆ. ಇದೆ, ಖಂಡಿತ ಬಳಸಿ. ಆದ್ರೆ ಓಪನ್‌ಎಸ್‌ಎಸ್‌ಎಲ್‌ನ ಫಂಕ್ಷನ್ ದೊಡ್ಡಕ್ಷರದಲ್ಲಿ, ನಡುನಡುವೆ ಕೋಲನ್ ಹಾಕಿ ಕೊಡುತ್ತೆ. ಲಿಬ್‌ಸೋಡಿಯಂ ಸಣ್ಣಕ್ಷರದಲ್ಲಿ, ಕೋಲನ್ ಇಲ್ಲದೆ ಕೊಡುತ್ತೆ. ಎರಡನ್ನೂ ಪಠ್ಯವಾಗಿ ಹೋಲಿಸಿದ್ರೆ ಬೇರೆ ಬೇರೆ, ಹ್ಯಾಶ್ ಮಾತ್ರ ಒಂದೇ. ಆದ್ದರಿಂದ ಹೆಕ್ಸ್ ಇರೋದು ಮನುಷ್ಯರು ಓದೋಕೆ ಅಂತ ಇಟ್ಕೊಳ್ಳಿ. ಹೋಲಿಸೋ ಮುಂಚೆ ವಾಪಸ್ ಬೈಟ್ ಮಾಡಿ, ಉದ್ದ 64 ಇಲ್ಲದಿದ್ರೆ ಅಲ್ಲೇ ತಿರಸ್ಕರಿಸಿ, ಆಮೇಲೆ 32 ಬೈಟ್‌ಗೂ ಮೆಮ್‌ಕಂಪ್.

ಲ್ಯಾಬ್ ನಡೆಸೋ ಮೇಷ್ಟ್ರಿಗೆ, ಮೇಡಂಗಳಿಗೆ ನಮ್ಮದೊಂದು ಕೋರಿಕೆ. ರೆಕಾರ್ಡ್‌ನಲ್ಲಿ ಹ್ಯಾಶ್ ಪ್ರೋಗ್ರಾಂ ಕೆಳಗೆ ಮೂರು ಔಟ್‌ಪುಟ್ ಕೇಳಿ: ಖಾಲಿ ಸ್ಟ್ರಿಂಗ್, 'ಎಬಿಸಿ', ಮತ್ತೆ ಒಂದು ಕನ್ನಡ ಪದದ ಹೆಕ್ಸ್. ವೈವಾದಲ್ಲಿ 'ಬಫರ್ ಯಾಕೆ 64 ಅಲ್ಲ, 65?' ಅಂತ ಒಂದು ಪ್ರಶ್ನೆ ಇರಲಿ. ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ನಾಳೆ ನಮ್ಮಲ್ಲೊಬ್ಬರು ಬರೆದ ಟೂಲ್‌ನ ಔಟ್‌ಪುಟ್ಟೇ ಯಾವುದೋ ಕಾಡಿನ, ಯಾರದೋ ಜಮೀನಿನ ಕೇಸಿನಲ್ಲಿ ಕಾಗದದ ಮೇಲೆ ಕೂರಬಹುದು. ಅವತ್ತು ಅದರಲ್ಲಿ 64 ಅಕ್ಷರವೂ ಇರಬೇಕು.