ನಮ್ಮನ್ನು ಹೊಗಳಬೇಡಿ

2008ರ ನವೆಂಬರ್ 26, ಬುಧವಾರ. ಮುಂಬೈಯ ಫೋರ್ಟಿನಲ್ಲಿರುವ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಮುಗಿಸಿ ವಿ.ಟಿ. ಸ್ಟೇಷನ್ನಿಗೆ ಓಡಿಬಂದೆ. ಛತ್ರಪತಿ ಶಿವಾಜಿ ಟರ್ಮಿನಸ್ ಎಂದು ಹೆಸರು ಬದಲಾಗಿ 12 ವರ್ಷ ಕಳೆದಿದ್ದರೂ ನಮ್ಮ ಬಾಯಲ್ಲಿ ಅದು ವಿ.ಟಿ.ಯೇ. ದೂರದ ಗಾಡಿಗಳ ಹಜಾರದಲ್ಲಿ ಜನ ಗಂಟುಮೂಟೆಗಳ ಮೇಲೆ ಕುಳಿತಿದ್ದರು. ಪುಟ್ಟ ಮಗುವೊಂದು ಚಮಚದಿಂದ ಸ್ಟೀಲಿನ ಡಬ್ಬಿ ಬಡಿಯುತ್ತಿತ್ತು, ತಾಯಿ ಗದರುತ್ತಿದ್ದಳು. ಅಷ್ಟನ್ನು ನೋಡಿ ನಾನು ಲೋಕಲ್ ಹತ್ತಿದೆ. ಡೊಂಬಿವಲಿಯ ಮನೆ ಸೇರಿ ಚಪ್ಪಲಿ ಬಿಡುವಾಗ ನಮ್ಮವರು ಟಿ.ವಿ.ಯ ಮುಂದೆ ನಿಂತೇ ಇದ್ದರು. "ವಿ.ಟಿ.ಯಲ್ಲಿ ಗುಂಡು ಹಾರಿಸಿದ್ದಾರಂತೆ" ಎಂದರು. ಆ ಮಗುವಿನ ಗತಿ ಏನಾಯಿತೆಂದು ನನಗೆ ಇಂದಿಗೂ ತಿಳಿಯದು.

ಆ ದಾಳಿಯಲ್ಲಿ ಸತ್ತವರು 166 ಮಂದಿ. ಬೇರೆಲ್ಲ ಜಾಗಗಳಿಗಿಂತ ಹೆಚ್ಚು ಜನ, 50ಕ್ಕೂ ಮಿಕ್ಕಿ, ಸತ್ತದ್ದು ಆ ಸ್ಟೇಷನ್ನಿನಲ್ಲಿ. ಆದರೆ ಮುಂದಿನ ಮೂರು ದಿನ ಟಿ.ವಿ.ಗಳಿಗೆ ಕಂಡದ್ದು ತಾಜ್ ಹೋಟೆಲಿನ ಗುಮ್ಮಟವೊಂದೇ. ಆ ನೇರಪ್ರಸಾರ ಉಗ್ರರನ್ನು ನಡೆಸುತ್ತಿದ್ದವರಿಗೇ ನೆರವಾಯಿತೆಂದು 2012ರಲ್ಲಿ ಸುಪ್ರೀಂ ಕೋರ್ಟೇ ಚಾನೆಲ್ಲುಗಳಿಗೆ ಛೀಮಾರಿ ಹಾಕಿತು.

ವಾರದೊಳಗೆ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಸಾವಿರಾರು ಜನ ಮೇಣದಬತ್ತಿ ಹಚ್ಚಿ ನಿಂತರು. ಅವರ ದುಃಖ ಸುಳ್ಳೆಂದು ನಾನು ಹೇಳಲಾರೆ. ಆದರೆ 2006ರ ಜುಲೈ 11ರಂದು ಲೋಕಲ್ ಗಾಡಿಗಳಲ್ಲಿ 7 ಸ್ಫೋಟಗಳಾಗಿ 180ಕ್ಕೂ ಹೆಚ್ಚು ಜನ ಸತ್ತಾಗ ಈ ಪರಿಯ ಸಿಟ್ಟು ಎಲ್ಲಿತ್ತು? ಆ ಮೊಕದ್ದಮೆಯ 12 ಆರೋಪಿಗಳನ್ನು, ಅಪರಾಧ ಸಾಬೀತಾಗಿಲ್ಲವೆಂದು, 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟು ಬಿಡುಗಡೆ ಮಾಡಿತು. 19 ವರ್ಷಗಳ ಮೇಲೂ ಕೊಂದವರು ಯಾರೆಂಬುದು ಇತ್ಯರ್ಥವಾಗಲಿಲ್ಲ. ಮೇಣದಬತ್ತಿ ಹಚ್ಚಿದವರು ಯಾರು?

ಸರ್ಕಾರ ಕೈಕಟ್ಟಿ ಕೂರಲಿಲ್ಲ, ನಿಜ. ಕೇಂದ್ರ ಗೃಹಮಂತ್ರಿ, ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ರಾಷ್ಟ್ರೀಯ ತನಿಖಾ ಸಂಸ್ಥೆ ಹುಟ್ಟಿತು. ಹರಿಯಾಣದ ಮಾನೇಸರದಿಂದ ಬರಬೇಕಾಗಿದ್ದ ಕಮಾಂಡೊಗಳಿಗೆ 2009ರಲ್ಲಿ ಮುಂಬೈಯಲ್ಲೇ ನೆಲೆಯಾಯಿತು. ಕಸಬ್‌ನನ್ನು ಬೀದಿಯಲ್ಲಿ ಕೊಲ್ಲದೆ, ವಿಚಾರಣೆ ನಡೆಸಿ, 2012ರಲ್ಲಿ ಗಲ್ಲಿಗೇರಿಸಿದೆವು. ಅವನನ್ನು ಜೀವಂತ ಹಿಡಿಯಲು ತನ್ನ ಮೈಗೇ ಗುಂಡು ತಗುಲಿಸಿಕೊಂಡು ಸತ್ತ ತುಕಾರಾಂ ಓಂಬ್ಳೆಯ ಕೈಯಲ್ಲಿದ್ದದ್ದು ಬರಿಯ ಲಾಠಿ. ಎ.ಕೆ.-47ರ ಎದುರಿಗೆ ಲಾಠಿ ಕೊಟ್ಟು ನಿಲ್ಲಿಸಿದವರು ಯಾರೆಂದು ಕೇಳಬೇಕಾದ ನಾವು, ಅವನಿಗೆ ಅಶೋಕ ಚಕ್ರ ಕೊಟ್ಟು ಕೈತೊಳೆದುಕೊಂಡೆವು.

ಎಲ್ಲಕ್ಕಿಂತ ಚುಚ್ಚಿದ್ದು 'ಮುಂಬೈ ಸ್ಪಿರಿಟ್' ಎಂಬ ಹೊಗಳಿಕೆ. ಮರುದಿನವೇ ಜನ ಕೆಲಸಕ್ಕೆ ಹೊರಟರು, ಎಂಥ ಎದೆಗಾರಿಕೆ ಎಂದು ಪತ್ರಿಕೆಗಳು ಬರೆದವು. ಶಾಲೆ ಮತ್ತೆ ತೆರೆದ ದಿನ ನಾನೂ ಬುದ್ಧಿಗೆಟ್ಟು 'ಧೈರ್ಯ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಿರಿ ಎಂದೆ. ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಕುಂದಾಪುರದ ಹುಡುಗ ಎದ್ದು ನಿಂತ. "ಧೈರ್ಯ ಎಂತ ಟೀಚರೇ, ರಜೆ ಮಾಡಿರೆ ಸಂಬಳ ಹಿಡಿತ್ರ್" ಎಂದ. ನಾನು ಕಪ್ಪುಹಲಗೆಯ ಮೇಲಿನ ಅಕ್ಷರ ಒರೆಸಿದೆ. ಹಸಿವಿಗೆ ಧೈರ್ಯವೆಂದು ಹೆಸರಿಟ್ಟು ಮೆರೆಸಿದರೆ, ಕಾಯಬೇಕಾದವರು ಉತ್ತರ ಕೊಡುವ ಗೋಜೇ ಇರುವುದಿಲ್ಲ. ಎಷ್ಟು ಪೆಟ್ಟು ಬಿದ್ದರೂ ಎದ್ದು ಬರುತ್ತಾರಲ್ಲ, ಇನ್ನೇನು ಬೇಕು!

2015ರಿಂದ ನವೆಂಬರ್ 26 ಸಂವಿಧಾನ ದಿನವೂ ಹೌದು. ಮಕ್ಕಳು ಸಾಲಾಗಿ ನಿಂತು ಪ್ರಸ್ತಾವನೆ ಓದುತ್ತಾರೆ. ಸಮಾನತೆ ಎಂಬ ಮಾತು ಬಂದಾಗ ನನಗೆ ಆ ಹಜಾರ ನೆನಪಾಗುತ್ತದೆ. ಬದುಕಿನಲ್ಲಿ ಸಿಗದ ಸಮಾನತೆ ಸಾವಿನಲ್ಲಾದರೂ ಬೇಡವೇ? ಪ್ರಸ್ತಾವನೆಯ ಬಳಿಕ ಅಲ್ಲಿ ಸತ್ತವರ ಹೆಸರುಗಳನ್ನೂ ಒಮ್ಮೆ ಓದಿಸೋಣ. ಓದುಗರೇ, ಅವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲಿರಾ? ಅದೇ ಹಜಾರ ಹಾದು ಸಂಬಳ ಎಣಿಸಿಕೊಂಡ ನನಗೂ ಎಷ್ಟೋ ವರ್ಷ ಗೊತ್ತಿರಲಿಲ್ಲ. ನಮ್ಮನ್ನು ಹೊಗಳುವುದು ಬಿಟ್ಟು, ಮೊದಲು ಆ ಪಟ್ಟಿಯನ್ನು ಓದಿ.