ಹಾಜರಿ ಪುಸ್ತಕ ಹರಿಯಬೇಡಿ

ಹಲವರು ಕೂಡಿ ಬರೆದದ್ದಕ್ಕೆ ಒಬ್ಬೊಬ್ಬರ ಹೆಸರೇಕೆ, ಅದು ಅಹಂಕಾರವಲ್ಲವೇ ಎಂದು ನಮ್ಮ ಸಂಗಾತಿಗಳಲ್ಲೇ ಕೆಲವರು ಕೇಳುತ್ತಾರೆ. ನಾವು ಒಪ್ಪುವುದಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನೇ ನೋಡಿ. ಲೇಖನದ ತಲೆಯ ಮೇಲೆ ಯಾರ ಹೆಸರೂ ಇಲ್ಲ, ನಿಜ. ಆದರೆ ಅದರ ‘ಇತಿಹಾಸ’ ಪುಟದಲ್ಲಿ ಯಾವ ದಿನ ಯಾರು ಏನು ಸೇರಿಸಿದರು, ಯಾರು ಕಾಗುಣಿತ ತಿದ್ದಿದರು, ಎಲ್ಲಕ್ಕೂ ಲೆಕ್ಕವಿದೆ. ಅಡ್ಡಹೆಸರಾದರೂ ಸರಿಯೇ, ಲೆಕ್ಕ ಲೆಕ್ಕವೇ. ಬರೆದವರಿಗೆ ವಿಕಿಪೀಡಿಯ ಕೂಲಿ ಕೊಡುವುದಿಲ್ಲ. ಅವರಿಗುಳಿದಿರುವುದು ಈ ಹಾಜರಿಯೊಂದೇ. ಯಾರು ಬೇಕಾದರೂ ಬಳಸಲಿ, ಮಾರಲಿ, ಆದರೆ ಬರೆದವರ ಋಣವನ್ನು ಹೇಳಲಿ, ಅದೇ ಷರತ್ತಿನ ಮೇಲೆ ಹಂಚಲಿ ಎನ್ನುತ್ತದೆ ಅಲ್ಲಿನ ಪರವಾನಗಿ. ಮೂಲ ಪುಟದ ಕೊಂಡಿ ಕೊಟ್ಟರೂ ಸಾಕು. ಇಷ್ಟನ್ನೂ ಮಾಡದೆ, ಎತ್ತಿದ್ದಕ್ಕೆ ತನ್ನ ಹೆಸರು ಹಚ್ಚಿ ಪುಸ್ತಕ ಮಾರುವವನಿಗೂ ಹಾಜರಿ ಪುಸ್ತಕ ಹರಿದೆಸೆಯುವ ಮೇಸ್ತ್ರಿಗೂ ಏನು ವ್ಯತ್ಯಾಸ? ಪರೀಕ್ಷಾ ಮಾರ್ಗದರ್ಶಿಗಳನ್ನು ಅಚ್ಚು ಹಾಕಿಸುವವರು ಇನ್ನಾದರೂ ಆ ಒಂದು ಸಾಲಿಗೆ ಜಾಗ ಕೊಡಲಿ.