ಕಥೆಯ ಗೂಗೆಯೂ ಮರದ ಗೂಗೆಯೂ

ನಮ್ಮ ಹೆಣ್ಣುಮಕ್ಕಳ ಪಾಠಶಾಲೆಗಳ ಪುಸ್ತಕಭಂಡಾರಗಳಲ್ಲಿ ಎರಡು ವಿಧವಾದ ಪುಸ್ತಕಗಳು ಒಂದರ ಮುಖವನ್ನೊಂದು ನೋಡದೆ ದೂರದೂರವಾಗಿ ಕುಳಿತಿರುವುವು. ಒಂದು ಕಪಾಟಿನಲ್ಲಿ ಕಥೆ, ಗಾದೆ, ಪುರಾಣಗಳ ಪುಸ್ತಕಗಳು. ಅಲ್ಲಿ ಕಾಗೆಯು ಮಾತನಾಡುವುದು, ಹಕ್ಕಿಗಳು ಗೂಗೆಗೆ ಪಟ್ಟ ಕಟ್ಟಲು ಹೊರಡುವುವು, ಬಾವಲಿಯು ಯುದ್ಧದ ನಡುವೆ ಪಕ್ಷ ಬದಲಾಯಿಸುವುದು. ಇನ್ನೊಂದು ಕಪಾಟಿನಲ್ಲಿ ಪ್ರಕೃತಿಶಾಸ್ತ್ರದ ಪುಸ್ತಕಗಳು. ಅಲ್ಲಿ ಅವೇ ಪ್ರಾಣಿಗಳ ಎಲುಬು, ಗರಿ, ಆಹಾರಗಳ ವಿವರಣೆ. ಮೊದಲನೆಯದನ್ನು ಪ್ರೀತಿಯಿಂದ ಓದುವ ಹುಡುಗಿಯು ಎರಡನೆಯದನ್ನು ತೆರೆಯುವುದಿಲ್ಲ. ಎರಡನೆಯದನ್ನು ಪರೀಕ್ಷೆಗಾಗಿ ಓದುವವಳು ಮೊದಲನೆಯದನ್ನು ಮಕ್ಕಳಾಟವೆಂದು ಬಿಟ್ಟುಬಿಡುವಳು. ಇವೆರಡನ್ನೂ ಒಂದೇ ಕಪಾಟಿನಲ್ಲಿಟ್ಟು ಜೊತೆಜೊತೆಯಾಗಿ ಓದಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯವು. ಇದು ಬರಿಯ ಓದಿನ ರುಚಿಯ ಮಾತಲ್ಲ. ಕೆಲವು ಮೂಕಪ್ರಾಣಿಗಳ ಅಳಿವು ಉಳಿವುಗಳೂ ಇದರಲ್ಲಿ ಅಡಗಿರುವುವು.

ಮೊದಲು ಬಾವಲಿಯನ್ನೇ ತೆಗೆದುಕೊಳ್ಳೋಣ. ಪಕ್ಷಿಗಳಿಗೂ ಮೃಗಗಳಿಗೂ ಕಾಳಗವಾದಾಗ ಗೆಲ್ಲುವವರ ಕಡೆಗೆ ಹಾರಿಹಾರಿ ಹೋದ ಬಾವಲಿಯನ್ನು ಕಡೆಗೆ ಎರಡು ಪಕ್ಷದವರೂ ಹೊರಗೆ ಹಾಕಿದರೆಂದೂ, ಆ ನಾಚಿಕೆಯಿಂದಲೇ ಅದು ಹಗಲಿನಲ್ಲಿ ಮುಖ ತೋರಿಸದೆಂದೂ ಈಸೋಪನ ಹೆಸರಿನ ಕಥೆಯು ಹೇಳುವುದು. ಸತ್ಯವೇದದ ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿ ತಿನ್ನಬಾರದ ಪಕ್ಷಿಗಳ ಪಟ್ಟಿಯ ಕೊನೆಯಲ್ಲಿ ಬಾವಲಿಯ ಹೆಸರಿದೆ. ರೆಕ್ಕೆಯಿಂದ ಹಾರುವುದನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದು ಅಂದಿನ ಜನರ ವಾಡಿಕೆಯಾಗಿತ್ತು. ಪ್ರಕೃತಿಶಾಸ್ತ್ರವು ಒಳಗಿನ ರಚನೆಯನ್ನು ನೋಡಿತು. ಬಾವಲಿಗೆ ಗರಿಯಿಲ್ಲ, ನೀಳವಾದ ಬೆರಳುಗಳ ನಡುವೆ ಹರಡಿದ ತೆಳುವಾದ ತೊಗಲೇ ಅದರ ರೆಕ್ಕೆ. ಅದು ಮೊಟ್ಟೆಯಿಡದೆ ಮರಿಹಾಕಿ ಮೊಲೆಯೂಡಿಸುವುದು. ದೊಡ್ಡ ಹಣ್ಣುಬಾವಲಿಯ ತಾಯಿಯು ಎಳೆಯ ಮರಿಯನ್ನು ಎದೆಗೆ ಅಂಟಿಸಿಕೊಂಡೇ ರಾತ್ರಿಯಲ್ಲಿ ಆಹಾರಕ್ಕೆ ಹೊರಡುವುದು. ಕಥೆಯು ದ್ರೋಹಿಯೆಂದು ಹೆಸರಿಟ್ಟ ಪ್ರಾಣಿಯು ಹೀಗೆ ಶಾಸ್ತ್ರದ ಪುಟದಲ್ಲಿ ತಾಯಿಯಾಗಿ ಕಾಣಿಸುವುದು. ಎರಡನ್ನೂ ಓದಿದವಳಿಗೆ ಮಾತ್ರ ಈ ವಿಸ್ಮಯದ ಲಾಭವುಂಟು.

ಬಾವಲಿಯು ಕುರುಡೆಂಬ ಮಾತೂ ಹೀಗೆಯೇ. ಇಟಲಿ ದೇಶದ ಸ್ಪಲಾಂಜಾನಿ ಎಂಬ ಪಾದ್ರಿವಿದ್ವಾಂಸನು 1793ರಲ್ಲಿ ಕಣ್ಣಿಲ್ಲದ ಬಾವಲಿಗಳೂ ತಡೆಗಳಿಗೆ ತಾಕದೆ ಹಾರುವುದನ್ನು ಕಂಡನು. ಜಿನೀವಾದ ಜುರೀನನು ಅವುಗಳ ಕಿವಿಯನ್ನು ಮುಚ್ಚಿ ನೋಡಲು ಅವು ತಡೆಗಳಿಗೆ ತಾಕತೊಡಗಿದವು. ಇದರ ಕಾರಣವು ತಿಳಿಯಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. ನಮ್ಮ ಕಿವಿಗೆ ಕೇಳದಷ್ಟು ತೀಕ್ಷ್ಣವಾದ ಧ್ವನಿಯನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ಸಣ್ಣ ಬಾವಲಿಗಳು ದಾರಿಯನ್ನೂ ಹುಳುಗಳನ್ನೂ ಅರಿಯುವುವೆಂದು ಅಮೇರಿಕದ ಗ್ರಿಫಿನ್ ಮತ್ತು ಗಲಾಂಬೋಸ್ ಎಂಬವರು 1940ರ ಆಸುಪಾಸಿನಲ್ಲಿ ತೋರಿಸಿಕೊಟ್ಟರು. 1944ರಲ್ಲಿ ಗ್ರಿಫಿನನು ಈ ಶಕ್ತಿಗೆ ಹೆಸರನ್ನೂ ಇಟ್ಟನು. ಬಾವಲಿಗಳ ಶಾಸ್ತ್ರವನ್ನೂ ಜನಕಥೆಗಳನ್ನೂ ಒಟ್ಟಿಗೆ ಹೇಳುವ ಗ್ಲೋವರ್ ಆಲನನ ಸೊಗಸಾದ ಗ್ರಂಥವು ಪ್ರಕಟವಾದದ್ದು 1939ರಲ್ಲಿ, ಅಂದರೆ ಈ ಸಂಗತಿಯು ಬೆಳಕಿಗೆ ಬರುವ ಹೊಸ್ತಿಲಲ್ಲಿ. ಇದರಿಂದ ನಾವು ಕಲಿಯತಕ್ಕದ್ದು ಒಂದುಂಟು: ಕಥೆಯ ಪುಸ್ತಕವು ಹಳತಾಗುವುದಿಲ್ಲ, ಶಾಸ್ತ್ರದ ಪುಸ್ತಕವು ಹಳತಾಗುವುದು. ಆದುದರಿಂದ ಮೊದಲನೆಯದನ್ನು ಜೋಪಾನವಾಗಿ ಕಾಯಬೇಕು, ಎರಡನೆಯದನ್ನು ಆಗಾಗ್ಗೆ ಹೊಸದಾಗಿ ತರಿಸಬೇಕು.

ಹಾಗಾದರೆ ಜನಪದರ ಮಾತೆಲ್ಲ ಸುಳ್ಳೋ? ಎಂದಿಗೂ ಅಲ್ಲ. ಕೋಗಿಲೆಗೆ ಪರಭೃತವೆಂಬ ಹೆಸರಿದೆ. ಪರರಿಂದ ಸಾಕಲ್ಪಟ್ಟದ್ದು ಎಂದರ್ಥ. ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ರಹಸ್ಯವನ್ನು ನಮ್ಮ ಹಿರಿಯರು ಯಾವ ದೂರದರ್ಶಕವೂ ಇಲ್ಲದೆ ಕಂಡುಕೊಂಡು ಒಂದೇ ಪದದಲ್ಲಿ ಕಟ್ಟಿಟ್ಟರು. ಆದರೆ ವಸಂತದಲ್ಲಿ ಕುಹೂ ಎಂದು ಹಾಡುವುದು ಹೆಣ್ಣೆಂದು ಭಾವಿಸುವವರು ಈಗಲೂ ಬಹಳ ಮಂದಿ. ಹಾಡುವುದು ಕಪ್ಪಾದ ಗಂಡು, ಕಂದುಮೈಯಲ್ಲಿ ಬಿಳಿಯ ಚುಕ್ಕೆಗಳುಳ್ಳ ಹೆಣ್ಣಿನ ಕೂಗೇ ಬೇರೆ. ಚಾತಕವು ಮಳೆಯ ಹನಿಯನ್ನಲ್ಲದೆ ಬೇರೆ ನೀರನ್ನು ಕುಡಿಯದೆಂಬುದು ಕವಿಗಳ ಕಲ್ಪನೆ. ಆದರೆ ಆಫ್ರಿಕದ ಕಡೆಯಿಂದ ಮುಂಗಾರಿನೊಡನೆ ಉತ್ತರ ಮತ್ತು ಮಧ್ಯಭಾರತಕ್ಕೆ ಬರುವ ಚಾತಕಗಳುಂಟೆಂಬುದು ನಿಜ. ಪಂಚತಂತ್ರದ ಕಾಗೆ ಗೂಗೆಗಳ ವೈರವನ್ನು ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದನು. ಹಗಲಿನಲ್ಲಿ ಗೂಗೆಯೊಂದು ಹೊರಗೆ ಕಾಣಿಸಿದರೆ ಕಾಗೆಗಳು ಗುಂಪುಕೂಡಿ ಅಟ್ಟುವುದನ್ನು ಇಂದಿಗೂ ಯಾರಾದರೂ ನೋಡಬಹುದು. ಕಥೆಯೆಂಬ ಹಣ್ಣಿನೊಳಗೆ ಹೀಗೆ ನೋಟವೆಂಬ ಬೀಜವು ಅನೇಕ ವೇಳೆ ಇರುವುದು. ಬೀಜವನ್ನೂ ತಿರುಳನ್ನೂ ಬೇರ್ಪಡಿಸಲು ಕಲಿಸುವುದೇ ವಿದ್ಯೆಯ ಕೆಲಸವು.

ಜನಪದರ ಸಾಕ್ಷ್ಯವನ್ನು ದೇಶದೇಶಗಳಿಂದ ಕೂಡಿಸಿ ನೋಡಿದರೆ ಇನ್ನೊಂದು ಸಂಗತಿಯೂ ಹೊಳೆಯುವುದು. ಗೂಗೆಯ ಕೂಗು ನಮ್ಮಲ್ಲಿ ಸಾವಿನ ಸೂಚನೆ; ವಂಗದೇಶದಲ್ಲಿ ಅದು ಲಕ್ಷ್ಮಿಯ ವಾಹನ; ಗ್ರೀಕರಲ್ಲಿ ಜ್ಞಾನದೇವತೆಯ ಪಕ್ಷಿ. ಅಷ್ಟೇಕೆ? ಗೂಗೆಯ ಬಳಗಕ್ಕೇ ಸೇರಿದ ಹಾಲಕ್ಕಿಯ ನುಡಿಯನ್ನು ಬುಡಬುಡಿಕೆಯವನು ನಮ್ಮ ಬಾಗಿಲಿನಲ್ಲಿಯೇ ಶುಭಶಕುನವೆಂದು ಸಾರುವನು. ಚೀನದಲ್ಲಿ ಬಾವಲಿಯ ಹೆಸರೂ ಭಾಗ್ಯವೆಂಬ ಪದವೂ ಒಂದೇ ಉಚ್ಚಾರವುಳ್ಳವಾದ ಕಾರಣ ಐದು ಬಾವಲಿಗಳ ಚಿತ್ರವು ಐದು ಭಾಗ್ಯಗಳ ಗುರುತಾಯಿತು. ಒಂದೇ ಪ್ರಾಣಿಯ ಮೇಲೆ ಒಬ್ಬನು ಶುಭವನ್ನೂ ಇನ್ನೊಬ್ಬನು ಅಶುಭವನ್ನೂ ಹೇಳುವುದಾದರೆ ಆ ಗುಣವು ಪ್ರಾಣಿಯದಲ್ಲ, ನೋಡುವವರದು ಎಂಬುದು ಸ್ಪಷ್ಟ. ಇಂಗರ್ಸಾಲನ 1923ರ ಗ್ರಂಥವನ್ನಾಗಲಿ, ಇಂಗ್ಲೆಂಡಿನ ಪಾದ್ರಿ ಆರ್ಮ್‌ಸ್ಟ್ರಾಂಗನು 1958ರಲ್ಲಿ ಪಕ್ಷಿಗಳ ಜನಪದಕಥೆಗಳನ್ನು ಕುರಿತು ಬರೆದ ಗ್ರಂಥವನ್ನಾಗಲಿ ಓದಿದವಳು ಯಾವ ಉಪದೇಶವೂ ಇಲ್ಲದೆ ತಾನೇ ಈ ನಿರ್ಣಯಕ್ಕೆ ಬರುವಳು. ಮೂಢನಂಬಿಕೆಗೆ ಮದ್ದು ಕಥೆಗಳನ್ನು ಮುಚ್ಚಿಡುವುದಲ್ಲ, ಇನ್ನೂ ಹೆಚ್ಚು ಕಥೆಗಳನ್ನು ಓದುವುದು.

ಇದನ್ನು ಕಲಿಯದಿದ್ದರೆ ಆಗುವ ಹಾನಿಯನ್ನು ನೋಡಿರಿ. ಇಲಿಗಳನ್ನು ತಿಂದು ಒಕ್ಕಲಿಗನ ಕಣಜವನ್ನು ಕಾಯುವ ಗೂಗೆಯನ್ನು, ಕಾಯಿದೆಯ ರಕ್ಷಣೆಯಿದ್ದರೂ, ದೀಪಾವಳಿಯ ಸಮಯದಲ್ಲಿ ಮಾಟಮಂತ್ರಕ್ಕಾಗಿ ಹಿಡಿದು ಮಾರುವವರು ಇನ್ನೂ ಇರುವರು. ಹಿಪ್ಪೆ, ಬೂರುಗಗಳ ಹೂವಿಗೆ ಪರಾಗವನ್ನು ಸಾಗಿಸಿ, ಆಲ ಅತ್ತಿಗಳ ಬೀಜವನ್ನು ದೂರದೂರಕ್ಕೆ ಬಿತ್ತುವ ಹಣ್ಣುಬಾವಲಿಯನ್ನು 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯೇ ಇಲಿಗಳ ಸಾಲಿನಲ್ಲಿ ಉಪದ್ರವದ ಪ್ರಾಣಿಯೆಂದು ಎಣಿಸಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿಯು ಹೋಯಿತು. 2018ರಲ್ಲಿ ಕೇರಳದ ಕೋಳಿಕ್ಕೋಡಿನ ಕಡೆ ನಿಪಾ ರೋಗವು ಕಾಣಿಸಿದಾಗ ಬಾವಲಿಗಳ ಭಯವು ಹಬ್ಬಿತು. ಆ ವೈರಸು ಹಣ್ಣುಬಾವಲಿಗಳಲ್ಲಿರುವುದು ನಿಜ. ಅವು ಕಚ್ಚಿದ ಹಣ್ಣನ್ನು ತಿನ್ನಬಾರದು, ಅವುಗಳನ್ನು ಕೈಯಿಂದ ಮುಟ್ಟಬಾರದು. ಆದರೆ ಮರವನ್ನು ಕಡಿದು ಅಟ್ಟಿದ ಬಾವಲಿಯು ಮಾಯವಾಗುವುದಿಲ್ಲ. ಪಕ್ಕದ ಊರಿಗೆ ಹೋಗುವುದು, ಅಷ್ಟೆ. ಎಚ್ಚರವನ್ನು ಶಾಸ್ತ್ರವು ಕಲಿಸುವುದು, ಹಗೆಯನ್ನು ಅಜ್ಞಾನವು ಕಲಿಸುವುದು. ನಮ್ಮ ಕೋಲಾರದ ಸೀಮೆಯ ಒಂದು ಗುಹೆಯನ್ನು ಬಿಟ್ಟರೆ ಲೋಕದಲ್ಲಿ ಈಗ ಬೇರೆಲ್ಲಿಯೂ ಕಾಣದ ಬಾವಲಿಯ ಜಾತಿಯೊಂದುಂಟು. 1994ರಲ್ಲಿ ಶಾಸ್ತ್ರಜ್ಞರು ಅದನ್ನು ವರ್ಣಿಸಿದರು. ಕಲ್ಲುಗಣಿಯವರ ಸುತ್ತಿಗೆಯ ಅಪಾಯಕ್ಕೆ ಗುರಿಯಾದ ಈ ಜೀವಿಯ ಹೆಸರನ್ನು ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿ ಕೇಳಿರುವರು?

ಕಥೆಯ ಗೌರವವೊಂದೇ ಸಾಕಾಗುವುದೂ ಇಲ್ಲ. ಸೀತೆಗಾಗಿ ಪ್ರಾಣಕೊಟ್ಟ ಜಟಾಯುವನ್ನು ಕೊಂಡಾಡುವ ನಾಡಿನಲ್ಲಿಯೇ 1990ರ ದಶಕದಿಂದೀಚೆಗೆ ಹದ್ದುಗಳು ಲಕ್ಷಗಟ್ಟಲೆಯಾಗಿ ಸತ್ತುವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧವೇ ಹೆಣವನ್ನು ತಿಂದ ರಣಹದ್ದಿಗೆ ವಿಷವಾಯಿತೆಂದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷಿದ್ಧವಾಯಿತು. ಭಕ್ತಿಯು ಕಾಣದ ಕಾರಣವನ್ನು ವಿಚಾರಣೆಯು ಕಂಡಿತು. ಆದರೆ ವಿಚಾರಣೆಗೂ ಪ್ರೀತಿಯು ಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನರು ಪ್ರತಿವರ್ಷ ಗೂಡುಕಟ್ಟಲು ಬರುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ಭಾವಿಸಿ ಕಾಪಾಡಿದರು. ಯಾವ ಕಾಯಿದೆಯೂ ಇಲ್ಲದ ಕಾಲದಲ್ಲಿ ಆ ನಂಬಿಕೆಯೇ ಕಾಯಿದೆಯಾಗಿತ್ತು.

ಪಾಠಗಳ ಭಾರದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೆಲವು ಉಪಾಧ್ಯಾಯಿನಿಯರು ಕೇಳಬಹುದು. ಇದಕ್ಕೆ ಹೊಸ ಪಾಠವು ಬೇಡ, ಒಂದು ಕಪಾಟು ಸಾಕು. ಪಂಚತಂತ್ರದ ಪಕ್ಕದಲ್ಲಿ ಸಾಲಿಂ ಆಲಿಯವರು 1941ರಲ್ಲಿ ಪ್ರಕಟಿಸಿದ ಭಾರತೀಯ ಪಕ್ಷಿಗಳ ಪುಸ್ತಕದ ಹೊಸ ಮುದ್ರಣವಿರಲಿ. ಗಾದೆಗಳ ಸಂಗ್ರಹದ ಪಕ್ಕದಲ್ಲಿ ತೇಜಸ್ವಿಯವರ ಹಕ್ಕಿಪುಕ್ಕವೂ, ಶಿವರಾಮ ಕಾರಂತರ ಬಾಲಪ್ರಪಂಚವೂ ಇರಲಿ. ಇವುಗಳ ಜೊತೆಗೆ ಒಂದು ಬರೆಯದ ಪುಸ್ತಕವನ್ನೂ ಇಡತಕ್ಕದ್ದು. ಅದರ ಎಡಪುಟದಲ್ಲಿ ಹುಡುಗಿಯರು ತಮ್ಮ ಅಜ್ಜಿಯರಿಂದ ಕೇಳಿದ ಹಕ್ಕಿಯ ಹೆಸರು, ಶಕುನ, ಕಥೆಗಳನ್ನು ಬರೆಯಲಿ; ಬಲಪುಟದಲ್ಲಿ ತಾವು ಸ್ವಂತ ಕಣ್ಣಿನಿಂದ ಕಂಡದ್ದನ್ನು ದಿನಾಂಕಸಹಿತವಾಗಿ ಬರೆಯಲಿ. ಅಜ್ಜಿಯ ಮಾತಿಗೂ ಮೊಮ್ಮಗಳ ನೋಟಕ್ಕೂ ಅಲ್ಲಿ ಸಮಾನವಾದ ಸ್ಥಳವಿರಬೇಕು.

ಪ್ರಿಯ ಸಹೋದರಿಯರೇ, ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ಅರಣ್ಯದ ಅಧಿಕಾರಿಗಳಾಗುವಿರಿ, ಕೆಲವರು ಊರಿನ ಪಂಚಾಯತಿಯಲ್ಲಿ ಕುಳಿತು ಹಳೆಯ ಆಲದ ಮರವನ್ನು ಕಡಿಯಬೇಕೋ ಬೇಡವೋ ಎಂದು ತೀರ್ಮಾನಿಸುವಿರಿ. ಮುಸ್ಸಂಜೆಯಲ್ಲಿ ಗೂಗೆಯು ಕೂಗಿದಾಗ ಮಗುವೊಂದು ನಿಮ್ಮ ಸೆರಗನ್ನು ಹಿಡಿದು ಅದೇನೆಂದು ಕೇಳುವ ದಿನವೂ ಬರುವುದು. ಆಗ ಕಥೆಯನ್ನೂ ಹೇಳಿರಿ, ನಿಜವನ್ನೂ ಹೇಳಿರಿ. ಯಾವುದು ಕಥೆ, ಯಾವುದು ನಿಜವೆಂಬುದನ್ನೂ ಹೇಳಿರಿ. ಆ ಮಗುವು ಹೆದರದೆ ಮರದ ಕಡೆಗೆ ನೋಡಿದರೆ ನಮ್ಮ ಪುಸ್ತಕಭಂಡಾರವು ತನ್ನ ಕೆಲಸವನ್ನು ಮಾಡಿದಂತಾಯಿತು.